ಮಾಚವ್ವನ ಹೆಪ್ಪು

ಹಾಲಿಗೆ ಹೆಪ್ಪು ಹಾಕಿ ಮುಚ್ಚುವ ಮುಂಚೆ ಮಾಚವ್ವ ಗಡಿಗೆಯತ್ತ ಬಾಗಿ, "ಮಲಕ್ಕೋ ಮಗಾ" ಅನ್ನುತ್ತಿದ್ದಳು. ಸೊಸೆ ಚಂದಲೆ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು. ನಾಲ್ಕು ಜನರ ಎದುರು ಬಾಯಿ ಬಿಡದ ಹುಡುಗಿ ಅವಳು.

ಇದು ಬಹಳ ಹಿಂದಿನ ಮಾತು. ಕನಕಾವತಿಯ ರಾಜ ತನ್ನ ಪ್ರಜೆಗಳನ್ನು ಹಡಗು ಹತ್ತಿಸಿ, ಕಡಲಾಚೆಯ ದ್ವೀಪದಲ್ಲಿ ಹೊಸ ಊರು ಕಟ್ಟಿಸಿದ್ದ. ಅಷ್ಟು ದೂರ ಹೆಪ್ಪು ಕೆಡದಂತೆ ಕಾಪಾಡಿ ತಂದವಳು ಮಾಚವ್ವ ಒಬ್ಬಳೇ. ಮನೆಮನೆಯ ಮೊಸರೂ ಅವಳ ಗಡಿಗೆಯಿಂದ ಹೋದದ್ದೇ.

ಅಲ್ಲಿನ ದಂಡಾಧಿಕಾರಿ ದುರ್ಗಾಂಕ ಒಳಗೊಳಗೆ ಮಾಂತ್ರಿಕ. ಜನರ ಹೆದರಿಕೆಯೇ ಅವನ ಆಯುಸ್ಸು. ಒಂದು ದಿನ ಅವನು ಊದಿದ ಗಾಳಿಗೆ ಊರ ಮಕ್ಕಳೆಲ್ಲ ಜ್ವರ ಹಿಡಿದು ಮಲಗಿದವು. "ಮಾಟಗಾತಿಯ ಕೆಲಸ! ಕಂಡವರು ಬಂದು ಹೇಳಿ" ಎಂದು ಡಂಗುರ ಸಾರಿಸಿದ.

ಪಕ್ಕದ ಮನೆಯ ಹೊನ್ನಲೆ ಓಡಿಹೋದಳು. "ಮಾಚವ್ವನೇ ಸ್ವಾಮಿ! ಗಡಿಗೆ ಹತ್ರ ಏನೋ ಮಣಮಣ ಅಂತಾಳೆ. ಮೊನ್ನೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಳು. ಆ ಹೊತ್ತಲ್ಲಿ ಯಾರಾದ್ರೂ ಕೊಡ್ತಾರಾ? ಬೆಳಗಾದ್ರೆ ನನ್ನ ಕೂಸಿನ ಮೈ ಕೆಂಡ!"

ಆ ಹೊತ್ತಲ್ಲಿ ಬಂದು ಗೋಗರೆದವಳು ತಾನೇ ಎಂದು ಮಾತ್ರ ಹೇಳಲಿಲ್ಲ.

ಜನ ಹೆದರಿ ಮೊಸರನ್ನೆಲ್ಲ ಕಡಲಿಗೆ ಸುರಿದರು. ಚಂದಲೆ ಮಾತ್ರ ಬಾಗಿಲಿಗೆ ಅಡ್ಡ ನಿಂತಳು, ಗಡಿಗೆ ಮುಟ್ಟಗೊಡಲಿಲ್ಲ.

ಅಂದೇ ವಿಚಾರಣೆ ನಡೆಯಿತು. ಮಾಚವ್ವನನ್ನು ಕಡಲಿಗೆ ನೂಕಿದರು. ಅಲೆ ಅವಳನ್ನು ಎತ್ತಿ ತಂದು ದಡದಲ್ಲಿ ಕೂರಿಸಿತು.

"ನೀರಿಗೂ ಬೇಡವಾದವಳು! ಮಾಟಗಾತಿ!" ಎಂದ ದುರ್ಗಾಂಕ.

ಕೆಂಡದ ಮೇಲೆ ನಡೆಸಿದರು. ಕೆಂಡ ತಣ್ಣಗಾಯಿತು.

"ಬೆಂಕಿಯೇ ಹೆದರಿತು! ಮಾಟಗಾತಿ!"

"ಮುಳುಗಿದ್ರೆ ಹೆಣ, ತೇಲಿದ್ರೆ ಮಾಟಗಾತಿ. ಇದ್ಯಾವ ಸೀಮೆ ನ್ಯಾಯಾನಪ್ಪಾ!" ಎಂದಳು ಮಾಚವ್ವ.

ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮಾಟಗಾತಿಯ ಪರ ಮಾತಾಡಿದವರೂ ಮಾಟಗಾತಿಯರೇ ಎಂಬುದು ಅಲ್ಲಿನ ಕಟ್ಟಳೆ.

ಮೂರನೆಯದಕ್ಕೆ ದುರ್ಗಾಂಕ ಕಲ್ಲಿನ ಹುಲಿಗೆ ಜೀವ ತುಂಬಿದ. "ಇವಳ ಮಾಟ ಯಾರ ಹೊಟ್ಟೆಯಲ್ಲಿದೆಯೋ ಅವರನ್ನು ತಿನ್ನು. ಇವಳಿಂದಲೇ ಶುರುಮಾಡು."

ಚಂದಲೆ ಮುಂದೆ ಬಂದಳು. ಹುಲಿಗೂ ಅತ್ತೆಗೂ ನಡುವೆ ಹೋಗಿ ನಿಂತಳು.

"ಮಾಟ ಮೊಸರಲ್ಲಿದೆ ಅಂದ್ರಲ್ಲ, ನಾನು ದಿನಾ ಉಂಡಿದ್ದೀನಿ. ಹುಲಿಯಪ್ಪಾ, ಎಲ್ಲರನ್ನೂ ಮೂಸಿ ನೋಡು. ಉಣ್ಣದವರು ಒಬ್ಬರು ಸಿಕ್ಕಿದ್ರೂ ನಮ್ಮಿಬ್ಬರನ್ನೂ ನುಂಗು."

ಹುಲಿ ಮೂಸುತ್ತಾ ಹೊರಟಿತು. ಹೊನ್ನಲೆಯ ಬಾಯಲ್ಲಿ ಅದೇ ವಾಸನೆ. ಪೂಜಾರಿಯ ಬಾಯಲ್ಲೂ ಅದೇ. ಊರನ್ನೆಲ್ಲ ಸುತ್ತಿ ಬಂದು ಅದು ದುರ್ಗಾಂಕನ ಮೀಸೆಗೆ ಮೂಗಿಟ್ಟಿತು.

"ಬೆಳಗಿನ ಮಜ್ಜಿಗೆ ಇನ್ನೂ ಒರೆಸಿಕೊಂಡಿಲ್ಲವಲ್ಲ ಸ್ವಾಮಿ! ನಿಮ್ಮಿಂದಲೇ ಶುರುಮಾಡಲೇ?" ಎಂದು ಕೇಳಿತು ಹುಲಿ.

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಊರೇ ನಕ್ಕಿತು. ಹೆದರಿಕೆ ಹೋದದ್ದೇ ತಡ, ದುರ್ಗಾಂಕ ಸೊರಗಿ ಸೊರಗಿ ಹಿಡಿ ಬೂದಿಯಾದ. ಹುಲಿ ಕಲ್ಲಾಯಿತು. ಮಕ್ಕಳ ಜ್ವರ ಬಿಟ್ಟಿತು. ಊರು ಸುಖವಾಗಿತ್ತು, ಆದರೆ ಮಾಚವ್ವನ ಮನೆ ಬಿಟ್ಟರೆ ಯಾರ ಮನೆಯಲ್ಲೂ ತೊಟ್ಟು ಮೊಸರಿರಲಿಲ್ಲ.

ಮಾರನೆಯ ಬೆಳಗ್ಗೆ ಹೊನ್ನಲೆ ಕಂಕುಳಲ್ಲಿ ಕೂಸು, ಕೈಯಲ್ಲಿ ಬಟ್ಟಲು ಹಿಡಿದು ಬಂದಳು. ಚಂದಲೆ ಹೊಸಿಲ ಮೇಲೆ ನಿಂತಿದ್ದಳು. ದಾರಿ ಬಿಡಲಿಲ್ಲ.

"ತಪ್ಪಾಯ್ತು ಕಣವ್ವಾ. ಕೂಸು ಬರೀ ಅನ್ನ ಒಲ್ಲೆ ಅಂತಿದೆ... ಒಂಚೂರು ಹೆಪ್ಪು ಕೊಡ್ತೀಯಾ?"

"ದಾರಿ ಬಿಡು ಮಗಾ, ಕೂಸು ಹಸಿದಿದೆ" ಎಂದಳು ಒಳಗಿಂದ ಮಾಚವ್ವ; ಚಂದಲೆ ಕೈ ಚಾಚಿ ಬಟ್ಟಲು ಇಸಕೊಂಡಳು.