ಎಂಟು ಸಾಲು ಕಡಿಮೆ

ತೊರೆಗಲ್ಲು ಎಂಬ ರಾಜ್ಯದಲ್ಲಿ, ದೊರೆ ಪಟ್ಟಕ್ಕೆ ಬಂದ ಒಂಬತ್ತನೆಯ ವರ್ಷ, ಮಾಗಿಯ ಮೊದಲ ಸೋಮವಾರ ಮಂಜು ಬಂತು.

ಅದು ಬರಿಯ ಮಂಜಲ್ಲ, ಮಬ್ಬರಾಯನೆಂಬ ಮಾಂತ್ರಿಕನ ಮಂಜು. ಮನೆಯಿಂದ ಹೊರಗೆ ಕಾಲಿಟ್ಟವರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತಿತ್ತು. ಹೊಸ್ತಿಲು ದಾಟಿ ಒಳಗೆ ಬರಲು ಮಾತ್ರ ಅದಕ್ಕೆ ಆಗುತ್ತಿರಲಿಲ್ಲ. ಮೊದಲ ದಿನವೇ ಊರಿನ ನಲವತ್ತೊಂದು ಜನ ಮಂಜಾದರು.

ಅವರಲ್ಲಿ ದೇಮವ್ವ ಒಬ್ಬಳು.

ದೇಮವ್ವನ ಗಂಡ ಬಾಚಪ್ಪ ತಕ್ಕಡಿ ಮಾಡುವವನು. ಅವನ ತಕ್ಕಡಿಯ ಎರಡು ತಟ್ಟೆಗಳ ನಡುವೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಅವನು ಮನೆಯಲ್ಲಿ ಕೂತು ಮಾಡುತ್ತಿದ್ದ. ಅವಳು ತಕ್ಕಡಿಗಳನ್ನೂ ತೂಕದ ಕಲ್ಲುಗಳನ್ನೂ ಚೀಲದಲ್ಲಿ ತುಂಬಿ ಹೆಗಲಿಗೆ ಹಾಕಿಕೊಂಡು ಸಂತೆಗೆ ಹೋಗುತ್ತಿದ್ದಳು. ಹೀಗೆ ಹದಿನಾಲ್ಕು ವರ್ಷ ನಡೆದಿತ್ತು.

ಆ ಸೋಮವಾರ ದೇಮವ್ವ ಸಂತೆಯಿಂದ ಓಡುತ್ತಾ ಬಂದಳು. ಬೆನ್ನ ಹಿಂದೆ ಮಂಜಿತ್ತು. ಹೊಸ್ತಿಲ ಹತ್ತಿರ ಬಂದು, "ಮೊದಲು ಕಲ್ಲು ಹಿಡಿದುಕೊಳ್ಳಿ" ಎಂದು ಚೀಲವನ್ನು ಒಳಗೆ ಚಾಚಿದಳು. ಬಾಚಪ್ಪ ಎರಡೂ ಕೈಯಲ್ಲಿ ಚೀಲ ಹಿಡಿದ. ತಲೆ ಎತ್ತಿ ನೋಡುವಷ್ಟರಲ್ಲಿ ಹೊಸ್ತಿಲಾಚೆ ಬಿಳುಪು ಬಿಟ್ಟು ಏನೂ ಇರಲಿಲ್ಲ.

ಅವನು ಚೀಲವನ್ನು ಗೂಟಕ್ಕೆ ತಗುಲಿಸಿದ. ಎರಡು ಕೈಗಳನ್ನೂ ನೋಡಿಕೊಂಡ. ಚೀಲ ಹಿಡಿಯಲು ಒಂದು ಕೈ ಸಾಕಿತ್ತು.

ಮರುದಿನ ಬೆಳಕು ಹರಿಯುವಾಗ ಮಂಜಿನ ಒಂದು ತುಂಡು ಹೊಸ್ತಿಲ ಹತ್ತಿರ ಬಂದು ನಿಂತಿತು. ದೇಮವ್ವನಷ್ಟೇ ಎತ್ತರವಿತ್ತು. ಬಾಚಪ್ಪ ಒಳಗೇ ನಿಂತು ಕೈ ಚಾಚಿದ. ಕೈ ತಣ್ಣಗಾಯಿತು. ಬಿಸಿಲು ಏರಿದಾಗ ಅದು ಹೋಯಿತು. ಅದರ ಮರುದಿನವೂ ಬಂತು, ನಿಂತಿತು, ಹೋಯಿತು.

ಮೂರನೆಯ ದಿನ ಅರಮನೆಯ ಗಿಳಿಗಳು ಸೂರಿನಿಂದ ಸೂರಿಗೆ ಹಾರಿ ಡಂಗುರ ಸಾರಿದವು.

"ಮಬ್ಬರಾಯ ಹೇಳಿ ಕಳಿಸಿದ್ದಾನೆ. ಕಳೆದುಹೋದವರಿಗೆ ಅವರ ಮನೆಯವರು ಉಣ್ಣೆಯ ಅಂಗಿ ಹೆಣೆದು ತೊಡಿಸಲಿ. ಅಳತೆ ಸರಿಯಾಗಿದ್ದರೆ ಮೈ ಮರಳುತ್ತದೆ. ಮೂರು ಸಲ ಮಾತ್ರ, ನಾಲ್ಕನೆಯದಿಲ್ಲ. ದೊರೆಯ ಅಪ್ಪಣೆ ಏನೆಂದರೆ, ಯಾರೂ ಮನೆ ಬಿಟ್ಟು ಕದಲಬಾರದು."

ಮಬ್ಬರಾಯನಿಗೆ ಕರುಣೆ ಇರಲಿಲ್ಲ, ಜಂಬ ಇತ್ತು. ಒಂದೇ ಮನೆಯಲ್ಲಿ ಇರುವವರು ಒಬ್ಬರನ್ನೊಬ್ಬರು ಸರಿಯಾಗಿ ನೋಡಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಪಕ್ಕದ ಮನೆಯಲ್ಲಿ ತಿಪ್ಪಕ್ಕ ಎಂಬ ಮುದುಕಿ ಇದ್ದಳು. ಎರಡು ಮನೆಗೂ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಅವಳ ಗಂಡ ಗಿರಿಯಪ್ಪನೂ ಮಂಜಾಗಿದ್ದ. ಅವಳ ಹಿತ್ತಿಲ ಕೋಣೆಯಲ್ಲಿ ನಾಲ್ಕು ಕುರಿಗಳಿದ್ದವು.

ತಿಪ್ಪಕ್ಕ ಕಿಂಡಿಯಿಂದ ಎರಡು ಕಡ್ಡಿ, ಒಂದು ಉಂಡೆ ನೂಲು ಕೊಟ್ಟಳು.

"ಹೆಣಿಗೆ ಬರುತ್ತೇನೋ ನಿನಗೆ?"

"ಇಲ್ಲ ಅಜ್ಜಿ."

"ಹೆಂಡತಿಯ ಅಳತೆ ಗೊತ್ತೇನೋ?"

"ತೆಗೆಯುತ್ತೇನೆ."

"ತೆಗೆಯುತ್ತಾನಂತೆ. ನಮ್ಮ ಮುದುಕನ ಹೊಟ್ಟೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ ನಾನು. ಕಡ್ಡಿ ಹಿಡಿ. ಹಾಗಲ್ಲ, ಅದೇನು ಸೌದೆಯೇ?"

ಬಾಚಪ್ಪ ಕಲಿತ. ಮೊದಲು ಅಂಗೈ ಅಗಲದ ಮಾದರಿ ಹೆಣೆದು ಎಣಿಸಿದ. ನಾಲ್ಕು ಬೆರಳಗಲಕ್ಕೆ ಹದಿನೈದು ಕುಣಿಕೆ. ನಾಲ್ಕು ಬೆರಳೆತ್ತರಕ್ಕೆ ಇಪ್ಪತ್ತು ಸಾಲು. ಅದನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ.

ಆಮೇಲೆ ದೇಮವ್ವನ ಪೆಟ್ಟಿಗೆ ತೆರೆದ. ಒಂದು ಹಳೆಯ ಕುಪ್ಪಸ ಇತ್ತು. ಅದರಲ್ಲಿ ಅವಳ ತಲೆಯೆಣ್ಣೆಯ ವಾಸನೆ ಇನ್ನೂ ಇತ್ತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡ. ನಂತರ ದಾರ ತೆಗೆದ. ಎದೆಯ ಸುತ್ತ ನಲವತ್ತೆಂಟು ಬೆರಳು. ಬಲಭುಜದಿಂದ ಸೊಂಟಕ್ಕೆ ಇಪ್ಪತ್ತೆಂಟು ಬೆರಳು. ಎಡಭಾಗವನ್ನು ಅಳೆಯಲಿಲ್ಲ. ಅವನು ಮಾಡುವ ತಕ್ಕಡಿಯಲ್ಲಿ ಒಂದು ಕಡೆ ಅಳೆದರೆ ಇನ್ನೊಂದು ಕಡೆಯೂ ಅಷ್ಟೇ ಇರುತ್ತಿತ್ತು.

ನೂರ ಎಂಬತ್ತು ಕುಣಿಕೆ ಹಾಕಿದ. ಭುಜಕ್ಕೆ ನೂರ ನಲವತ್ತು ಸಾಲು. ಆ ರಾಜ್ಯದ ಅಂಗಿಗಳೆಲ್ಲ ಮುಂದೆ ಮುಚ್ಚಿರುತ್ತಿದ್ದವು, ತಲೆಯ ಮೇಲಿಂದ ತೊಡಬೇಕಿತ್ತು. ಅವನೂ ಹಾಗೆಯೇ ಹೆಣೆದ. ಇಪ್ಪತ್ತೆರಡು ದಿನ ಹಿಡಿಯಿತು.

ಇಪ್ಪತ್ತಮೂರನೆಯ ಬೆಳಗ್ಗೆ ಮಂಜು ಬಂದು ನಿಂತಿತು. ಬಾಚಪ್ಪ ಅಂಗಿಯನ್ನು ಮೇಲಿಂದ ಇಳಿಸಿದ. ತೋಳುಗಳು ತುಂಬಿದವು. ಮರುಕ್ಷಣವೇ ಎಲ್ಲವೂ ಕೊರಳಿನ ತೂತಿನಿಂದ ಹೊಗೆಯ ಹಾಗೆ ಮೇಲೆ ಹೋಯಿತು. ಬರಿಯ ಅಂಗಿ ಹೊಸ್ತಿಲ ಮೇಲೆ ಬಿತ್ತು.

"ಒಂದು ಸಲ ಆಯಿತು" ಎಂದು ಸೂರಿನ ಮೇಲಿನ ಗಿಳಿ ಹೇಳಿತು.

ಬಾಚಪ್ಪ ಕಿಂಡಿಯ ಹತ್ತಿರ ಕೂತ.

"ಅಜ್ಜಿ, ಮಂಜಿಗೆ ತಲೆಯಿಲ್ಲ. ತಲೆಯಿಂದ ತೊಡಿಸಿದರೆ ನಿಲ್ಲುವುದಿಲ್ಲ. ಮುಂದಿನಿಂದ ತೆರೆದಿರಬೇಕು. ಕೆಳಗಿನಿಂದ ಮುಚ್ಚುತ್ತಾ ಬರಬೇಕು."

"ಎದೆ ತೆರೆದ ಅಂಗಿಯೇ? ಯಾರಾದರೂ ನೋಡಿ ನಕ್ಕಾರು."

"ನೋಡುವವರು ಯಾರೂ ಹೊರಗಿಲ್ಲ."

ಅವನು ಅಂಗಿ ಬಿಚ್ಚಿ ನೂಲನ್ನು ಮತ್ತೆ ಉಂಡೆ ಮಾಡಿದ. ಗೋಡೆಯ ಮೇಲೆ ಹೊಸ ಚಿತ್ರ ಬರೆದ. ಬೆನ್ನಿಗೆ ತೊಂಬತ್ತು ಕುಣಿಕೆ. ಮುಂದೆ ಎಡಕ್ಕೆ ನಲವತ್ತೈದು, ಬಲಕ್ಕೆ ನಲವತ್ತೈದು. ಒಂದು ಪಟ್ಟಿಗೆ ಏಳು ಕಾಜ, ಇನ್ನೊಂದಕ್ಕೆ ಏಳು ಗುಂಡಿ. ಚಿಕ್ಕ ತಕ್ಕಡಿಯ ಹಿತ್ತಾಳೆ ತಟ್ಟೆ ಕತ್ತರಿಸಿ ಗುಂಡಿ ಮಾಡಿದ. ಈಗಿನವರು ಕಾರ್ಡಿಗನ್ ಅನ್ನುತ್ತಾರಲ್ಲ, ಅಂಥದು. ತಿಪ್ಪಕ್ಕ ನೋಡಿ ನಗಲಿಲ್ಲ. ತಾನು ಹೆಣೆಯುತ್ತಿದ್ದುದನ್ನೂ ಬಿಚ್ಚಿದಳು.

ಹೆಣೆಯುವಾಗ ಬಾಚಪ್ಪ ಸಾಲು ಎಣಿಸುತ್ತಿದ್ದ. ಎಣಿಕೆ ತಪ್ಪುತ್ತಿದ್ದುದು ಸಂಜೆಯ ಹೊತ್ತು ಮಾತ್ರ. ಆ ಹೊತ್ತಿಗೆ ದೇಮವ್ವ ಸಂತೆಯಿಂದ ಬಂದು, ಚೀಲ ಇಳಿಸಿ, "ಉಸ್ಸಪ್ಪಾ" ಎಂದು ಗೋಡೆಗೆ ಒರಗುತ್ತಿದ್ದಳು. ಆಗ ಅವನು ತಲೆ ಎತ್ತದೆ, "ಕಲ್ಲೆಲ್ಲ ಸರಿಯಾಗಿವೆಯಾ?" ಎಂದು ಕೇಳುತ್ತಿದ್ದ. ಈಗ ಆ ಹೊತ್ತಿಗೆ ತಲೆ ಎತ್ತುತ್ತಿದ್ದ. ಗೋಡೆಯಲ್ಲಿ ಅವಳು ಒರಗುತ್ತಿದ್ದ ಕಡೆ ಸುಣ್ಣ ಸವೆದಿತ್ತು.

ಇಪ್ಪತ್ತು ದಿನಕ್ಕೆ ಎರಡನೆಯದು ಮುಗಿಯಿತು. ಬೆಳಗ್ಗೆ ಮಂಜು ಬಂದು ನಿಂತಿತು. ಬಾಚಪ್ಪ ಅಂಗಿಯನ್ನು ಅದರ ಬೆನ್ನಿಗೆ ಸುತ್ತಿ ಕೆಳಗಿನ ಗುಂಡಿ ಹಾಕಿದ. ಸೊಂಟ ಬಂತು. ಎರಡನೆಯದು, ಮೂರನೆಯದು. ತೋಳಿನ ತುದಿಯಲ್ಲಿ ಬೆರಳು ಮೂಡಿದವು. ಒಂದು ಬೆರಳಲ್ಲಿ ಅವಳ ತಾಮ್ರದ ಉಂಗುರ ಇತ್ತು. ನಾಲ್ಕನೆಯ ಗುಂಡಿಗೆ ಅಂಗಿಯ ಎಡಭುಜ ಜೋತುಬಿತ್ತು. ಐದನೆಯದಕ್ಕೆ ಜಾರಿತು. ಅಲ್ಲಿಂದ ಮಂಜು ಸೋರಿತು. ಬಾಚಪ್ಪ ಬೆರಳುಗಳನ್ನು ಹಿಡಿದುಕೊಂಡ. ಅವು ಅವನ ಕೈಯಲ್ಲೇ ಕರಗಿದವು.

"ಎರಡು ಸಲ ಆಯಿತು" ಎಂದು ಗಿಳಿ ಹೇಳಿತು.

ಆ ದಿನ ಅವನು ಒಲೆ ಹಚ್ಚಲಿಲ್ಲ. ತಿಪ್ಪಕ್ಕ ಕಿಂಡಿಯಿಂದ ರೊಟ್ಟಿ ಇಟ್ಟಳು.

"ಎಲ್ಲಿ ತಪ್ಪಿತೋ?"

"ಎಡಕ್ಕೆ. ಆದರೆ ತಪ್ಪಿಲ್ಲ ಅಜ್ಜಿ. ಎರಡೂ ಕಡೆ ನೂರ ನಲವತ್ತು ಸಾಲು. ಮೂರು ಸಲ ಎಣಿಸಿದೆ."

"ಅಂಗಿ ಎಣಿಸಿದೆ. ಅವಳನ್ನು ಎಣಿಸಿದೆಯಾ?"

ಬಾಚಪ್ಪ ಮತ್ತೆ ಕುಪ್ಪಸ ತೆಗೆದ. ಈ ಸಲ ಎಡಭಾಗ ನೋಡಿದ. ಭುಜದ ಮೇಲೆ ಒಂದು ಮಡಿಕೆ ಹಾಕಿ ಹೊಲಿದಿತ್ತು. ದರ್ಜಿಯ ಹೊಲಿಗೆಯಲ್ಲ, ದೇಮವ್ವನ ಕೈಹೊಲಿಗೆ. ದಾರದ ಬಣ್ಣವೂ ಬೇರೆ. ಮಡಿಕೆಯೊಳಗೆ ಹೋಗಿದ್ದ ಬಟ್ಟೆಯನ್ನು ಅಳೆದ. ಒಂದೂವರೆ ಬೆರಳು.

ಅವನು ಗೂಟದ ಮೇಲಿನ ಚೀಲ ನೋಡಿದ. ಎದ್ದು ಅದನ್ನು ಎಡಹೆಗಲಿಗೆ ಹಾಕಿಕೊಂಡ. ಹೆಗಲು ಕೆಳಗೆ ಹೋಯಿತು. ಅಡಿಗೆಮನೆಗೆ ಹೋದ, ಬಂದ. ಹತ್ತು ಸಲ ಹೋಗಿ ಬಂದ. ಸಂತೆಗೆ ಎರಡು ಹರಿದಾರಿ. ವಾರಕ್ಕೆ ಮೂರು ಸಂತೆ. ಹದಿನಾಲ್ಕು ವರ್ಷ. ಅವನ ಕಲ್ಲುಗಳು ಅವಳ ಭುಜವನ್ನು ಇಳಿಸಿದ್ದವು. ಅವಳು ಏನೂ ಹೇಳದೆ ಬಟ್ಟೆ ಮಡಿಸಿ ಹೊಲಿದುಕೊಂಡಿದ್ದಳು.

ಬಾಚಪ್ಪ ಗೋಡೆಯ ಮೇಲಿನ ಚಿತ್ರದಲ್ಲಿ ಎಡಭಾಗ ಅಳಿಸಿ ಬರೆದ: ಎಂಟು ಸಾಲು ಕಡಿಮೆ.

ಅಂಥ ಅಂಗಿ ಹೆಣೆಯುವುದು ಅವನಿಗೆ ಕಷ್ಟವಾಯಿತು. ನೂರ ಮೂವತ್ತೆರಡನೆಯ ಸಾಲಿಗೆ ನಿಲ್ಲಿಸುವಾಗ ಕೈ ಒಪ್ಪಲಿಲ್ಲ. ವಾರೆಯಾದ ವಸ್ತು ಅವನ ಕೈಯಿಂದ ಅದುವರೆಗೆ ಹೊರಬಿದ್ದಿರಲಿಲ್ಲ. ಆದರೂ ನಿಲ್ಲಿಸಿದ.

ಹದಿನೆಂಟು ದಿನಕ್ಕೆ ಮೂರನೆಯದು ಮುಗಿಯಿತು. ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲಾಚೆ ದೇಮವ್ವನೇ ನಿಂತಿದ್ದಳು. ಮುಖ, ಮೂಗುತಿ, ಉಟ್ಟ ಸೀರೆ, ಎಲ್ಲವೂ ಇತ್ತು. ಹಿಂದೆ ಬರಿಯ ಮಂಜು.

"ಬಂದೆ" ಎಂದಳು. "ತುಂಬ ಚಳಿ. ಅಂಗಿ ತೊಡಿಸಿ, ಒಳಗೆ ಕರೆದುಕೊಳ್ಳಿ."

ಬಾಚಪ್ಪನಿಗೆ ಎರಡು ತಿಂಗಳಿನಿಂದ ಆ ದನಿ ಬೇಕಾಗಿತ್ತು. ಅಂಗಿ ಬಿಡಿಸಿ ಹಿಡಿದ. ಒಂದು ತೋಳಿನ ಬಾಯಿ ತೆರೆದ. ಅವಳು ಕೈ ಚಾಚಿದಳು. ಚಾಚಿದ ಕೈಗೆ ಅಂಗಿ ಇನ್ನೇನು ತಾಗಬೇಕು, ಅವನು ನಿಲ್ಲಿಸಿದ.

"ಒಂದು ಸಲ ಅಳೆಯುತ್ತೇನೆ" ಎಂದ.

"ಎದುರಿಗೇ ಇದ್ದೇನಲ್ಲ. ಇನ್ನೂ ಅಳೆಯಬೇಕಾ?"

"ಹೂಂ."

ಒಳಗಿನಿಂದಲೇ ದಾರ ಚಾಚಿ ಅಳೆದ, ಅಳೆದದ್ದನ್ನು ಗಟ್ಟಿಯಾಗಿ ಹೇಳಿದ. "ಬಲಭುಜದಿಂದ ಸೊಂಟಕ್ಕೆ ಇಪ್ಪತ್ತೆಂಟು." ಅವಳು ಸ್ವಲ್ಪ ಚಿಕ್ಕವಳಾದ ಹಾಗೆ ಕಂಡಳು. "ಎಡಭುಜದಿಂದ ಸೊಂಟಕ್ಕೆ," ಎಂದು ಮತ್ತೊಮ್ಮೆ ದಾರ ಹಿಡಿದ, "ಇಪ್ಪತ್ತೆಂಟು."

ಅವನು ಅಂಗಿಯನ್ನು ಹಿಂದಕ್ಕೆ ತೆಗೆದುಕೊಂಡ.

"ನೀನು ನನ್ನ ತಕ್ಕಡಿಯ ಹಾಗಿದ್ದೀಯ. ದೇಮವ್ವ ಹಾಗಿಲ್ಲ."

"ಅಳೆದುಬಿಟ್ಟೆಯಾ" ಎಂದು ಅದು ಗಂಡು ದನಿಯಲ್ಲಿ ಕೇಳಿತು. ಅವನು ಮಬ್ಬರಾಯ, ಮೂರನೆಯ ಸಲವನ್ನು ಹಾಳು ಮಾಡಲು ಬಂದಿದ್ದ. ಅದುವರೆಗೆ ಅವನನ್ನು ಯಾರೂ ಅಳೆದಿರಲಿಲ್ಲ, ಅವನ ಬಲವೆಲ್ಲ ಅದರಲ್ಲೇ ಇತ್ತು. ಅಳತೆಗೆ ಸಿಕ್ಕಿದ್ದು ಮತ್ತೆ ಮಂಜಾಗಲಾರದು. ಅವನು ಕುಗ್ಗಿದ, ಇನ್ನೂ ಕುಗ್ಗಿದ, ನೆಲ್ಲಿಕಾಯಿಯಷ್ಟು ದೊಡ್ಡ ಬೂದು ಉಂಡೆಯಾಗಿ ಹೊಸ್ತಿಲೊಳಗೆ ಉರುಳಿದ. ಬಾಚಪ್ಪ ಎತ್ತಿ ತೂಗಿ ನೋಡಿದ. ಎರಡು ಗುಲಗಂಜಿ ತೂಕ ಇದ್ದ. ಹಿತ್ತಾಳೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ.

ತಲೆ ಎತ್ತಿದಾಗ, ದಿನವೂ ಬರುತ್ತಿದ್ದ ಮಂಜು ತನ್ನ ಜಾಗದಲ್ಲಿ ನಿಂತಿತ್ತು.

ಅವನು ಅಂಗಿ ಸುತ್ತಿದ. ಒಂದನೆಯ ಗುಂಡಿಗೆ ಸೊಂಟ ಬಂತು. ಮೂರನೆಯದಕ್ಕೆ ಬೆರಳು ಬಂದವು, ಉಂಗುರ ಬಂತು. ಐದನೆಯದನ್ನು ಅವನು ನಿಧಾನವಾಗಿ ಹಾಕಿದ. ಎಡಭುಜ ಬಂದು ಅಂಗಿಯೊಳಗೆ ಕೂತಿತು. ಆರನೆಯದಕ್ಕೆ ಕೊರಳು. ಏಳನೆಯದಕ್ಕೆ ಮುಖ.

ಬಾಚಪ್ಪ ಈ ಸಲ ಕೈ ಹಿಡಿದು ಒಳಗೆ ಎಳೆದುಕೊಂಡ.

ದೇಮವ್ವ ಎಡಭುಜ ಮುಟ್ಟಿ ನೋಡಿಕೊಂಡಳು.

"ಕೊನೆಗೂ ಕಂಡಿತಾ?"

"ಕಂಡಿತು."

"ಹದಿನಾಲ್ಕು ವರ್ಷ ಏನು ನೋಡುತ್ತಿದ್ದಿರಿ?"

"ತಕ್ಕಡಿ."

ಅವಳು ಗೋಡೆಯ ಸವೆದ ಜಾಗಕ್ಕೆ ಒರಗಿದಳು. "ಉಸ್ಸಪ್ಪಾ" ಎಂದಳು. ಬಾಚಪ್ಪ ತಲೆ ತಗ್ಗಿಸಲಿಲ್ಲ.

ಮೂರೇ ಸಲ ಎಂದವನು ಡಬ್ಬಿಯಲ್ಲಿದ್ದ. ಹಾಗಾಗಿ ಉಳಿದವರಿಗೆ ಎಷ್ಟು ಸಲವಾದರೂ ಹೆಣೆಯುವ ಅವಕಾಶ ಸಿಕ್ಕಿತು. ಎದೆ ತೆರೆದ ಅಂಗಿಯನ್ನೇ ಹೆಣೆಯಿರಿ, ಎರಡೂ ಕಡೆ ಅಳೆಯಿರಿ ಎಂದು ಗಿಳಿಗಳು ಸಾರಿದವು. ಒಬ್ಬ ಕಮ್ಮಾರನ ಬಲತೋಳು ದಪ್ಪವಿತ್ತು. ಒಬ್ಬ ತಾಯಿಯ ಸೊಂಟ ಮಗು ಎತ್ತಿಕೊಂಡೂ ಎತ್ತಿಕೊಂಡೂ ಒಂದು ಕಡೆಗೆ ವಾಲಿತ್ತು. ತಿಪ್ಪಕ್ಕನ ಗಿರಿಯಪ್ಪ ಮೊದಲ ಸಲಕ್ಕೇ ಬಂದ, ಹೊಟ್ಟೆಯ ಸಮೇತ. ಯುಗಾದಿಯ ಹೊತ್ತಿಗೆ ನಲವತ್ತೊಂದು ಜನವೂ ಮನೆ ಸೇರಿದರು. ಮಂಜು ಎದ್ದುಹೋಯಿತು. ಎಲ್ಲರೂ ಸುಖವಾಗಿ ಬಾಳಿದರು.

ಚೀಲವನ್ನು ಈಗ ಬಾಚಪ್ಪ ಹೊರುತ್ತಾನೆ. ದೇಮವ್ವ ಬರಿಗೈಯಲ್ಲಿ ಪಕ್ಕದಲ್ಲಿ ನಡೆಯುತ್ತಾಳೆ. ಬೆಳಕು ಹರಿಯುವಾಗ ಅವನಿಗೆ ಎಚ್ಚರವಾಗುತ್ತದೆ. ಮೊದಲು ಹೊಸ್ತಿಲು ನೋಡುತ್ತಾನೆ, ಆಮೇಲೆ ಪಕ್ಕಕ್ಕೆ ತಿರುಗಿ ಅವಳನ್ನು ನೋಡುತ್ತಾನೆ. ಭುಜ ಮೇಲೆ ಬರಬಹುದು ಎಂದು ವರ್ಷಕ್ಕೊಮ್ಮೆ, ಮಾಗಿಯ ಮೊದಲ ಸೋಮವಾರ, ದಾರ ಹಿಡಿದು ಅಳೆಯುತ್ತಾನೆ. ಈ ವರ್ಷವೂ ಅಳೆದ.

ಒಂದೂವರೆ ಬೆರಳು.