ಫಟಫಟಿ ಹಿಂದೆ ಕೂತವಳು

ಮದುವೆಯಾದ ಹೊಸದರಲ್ಲೇ ಬಸವಣ್ಣೆಪ್ಪ ಹೆಂಡತಿಯನ್ನು ಮಾಂಜ್ರಾ ಹೊಳೆಯ ದಂಡೆಯಲ್ಲಿ ಬಿಟ್ಟು ಬಂದ.

ಬೇಕೆಂದು ಬಿಟ್ಟದ್ದಲ್ಲ. ಔರಾದಿನ ತವರಿನಿಂದ ಶಿವಕಾಂತಾಳನ್ನು ಫಟಫಟಿ ಮೇಲೆ ಕೂರಿಸಿಕೊಂಡು ಭಾಲ್ಕಿಗೆ ಹೊರಟಿದ್ದ. ಹೈದರಾಬಾದಿನ ಮೇಲೆ ಪೋಲೀಸ್ ಆ್ಯಕ್ಷನ್ ಆಗಿ ಮೂರನೇ ಬೇಸಿಗೆ. ಹೊಳೆಯಲ್ಲಿ ಮೀನಖಂಡದ ಮಟ್ಟಕ್ಕೆ ನೀರು. ಅವಳು ಇಳಿದು ಸೀರೆ ಎತ್ತಿ ಹಿಡಿದು ದಾಟಿದಳು, ಅವನು ಗಾಡಿ ನೂಕಿಕೊಂಡು ದಾಟಿದ. ಆಚೆ ದಂಡೆಯಲ್ಲಿ ಪಾನಾ ಹಾಕಿ ತಿರುಗಿಸಿ ಪ್ಲಗ್ ಬಿಚ್ಚಿ, ಧೋತರದ ಅಂಚಿನಿಂದ ಒರೆಸಿ, ಬಿಗಿದು, ಕಿಕ್ ಹೊಡೆದ. ಹೊಡೆದೇ ಹೊಡೆದ. ಕಿಕ್ಕು ತಿರುಗಿ ಒದ್ದು ಕಾಲೆಲುಬಿಗೆ ಬಡಿಯಿತು. ರಕ್ತ ಬಂದದ್ದು ಕಂಡಿತು, ನೋವು ಮಾತ್ರ ಯಾರದೋ ಕಾಲಿನದು ಅನ್ನುವಷ್ಟು ದೂರವಿತ್ತು. ಕಡೆಗೊಮ್ಮೆ ಇಂಜಿನ್ ಹತ್ತಿಕೊಂಡಿತು. ಮತ್ತೆ ಆರೀತೆಂದು ಗೇರು ಹಾಕಿದವನೇ ಹೊರಟುಬಿಟ್ಟ.

ಮುಂದಿನ ಊರಿನ ಬೇವಿನ ಮರದ ಕೆಳಗೆ, ಗುರುತಿನ ಮುದುಕ ಧೊಂಡಿಬಾ ಕುರಿ ನಿಲ್ಲಿಸಿಕೊಂಡು ಕೂತಿದ್ದ.

"ಹೆಂಡ್ತಿಗಿ ಕರಕೊಂಡ ಬರ್ಲಿಕ್ಕಿ ಹೋಗಿದ್ದೆಲ್ಲ ಬಸಣ್ಣಾ. ಎಲ್ಲಿ?"

"ಹಿಂದ ಅದಾಳಲ್ಲ," ಅಂದು ತಿರುಗಿ ನೋಡಿದ. ಕ್ಯಾರಿಯರ್ ಮೇಲೆ ಮಡಚಿ ಕಟ್ಟಿದ ಕಂಬಳಿ ಇತ್ತು, ಅವಳ ಬುತ್ತಿಗಂಟು ಇತ್ತು.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಗಾಡಿ ತಿರುಗಿಸಿದ.

ಶಿವಕಾಂತಾ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಗಾಡಿ ಬಂದು ನಿಂತರೂ ಏಳಲಿಲ್ಲ. ಕತ್ತು ಸ್ವಲ್ಪ ಓರೆ ಮಾಡಿ, ಅವನ ರಕ್ತ ಹೆಪ್ಪುಗಟ್ಟಿದ ಕಾಲಿನಿಂದ ಧೂಳು ತುಂಬಿದ ಮೀಸೆಯತನಕ ಸಾವಕಾಶ ನೋಡಿದಳು.

"ಏನ್ ಮರ್ತು ಹೋಗಿದ್ರಿ? ಪಾನಾ?"

"ನೀ ಕೂತಿ ಅನ್ಕೊಂಡೆ."

"ನಾ ಅಷ್ಟು ಹಗುರ ಅದೇನಿ ಅಂತ ನಮ್ಮವ್ವಗೂ ಗೊತ್ತಿರ್ಲಿಲ್ಲ ನೋಡ್ರಿ."

ತುಟಿಯ ಒಂದು ತುದಿಯಲ್ಲಿ ನಗು ಇತ್ತು. ಕಣ್ಣಿಗೆ ಅದು ಏರಲಿಲ್ಲ. ಅವನು ಎರಡನ್ನೂ ನೋಡಿದ, ಸೀಟು ಒರೆಸಿದ.

ಭಾಲ್ಕಿಯಲ್ಲಿ ಬಸವಣ್ಣೆಪ್ಪನದು ಕಾಳುಕಡಿಯ ಅಂಗಡಿ. ಹಳ್ಳಿ ತಿರುಗಿ ತೊಗರಿ, ಹೆಸರು ನೋಡಿ ಬರಲು ಗಾಡಿ ಬೇಕು. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹೈದರಾಬಾದಿನಲ್ಲಿ ಮಾರಿದ ಹಳೇ ಫಟಫಟಿ ಅದು. ಮಳೆ ಬಿದ್ದರೆ ಎರೆಮಣ್ಣು ಮಡ್‌ಗಾರ್ಡಿನಲ್ಲಿ ಕಚ್ಚಿಕೊಂಡು ಚಕ್ರವೇ ತಿರುಗದು. ಬೇಸಿಗೆಯಲ್ಲಿ ಜಾಲಿಮುಳ್ಳು. ಪೆಟ್ರೋಲು ಬೀದರಿನಿಂದ ಡಬ್ಬಿಯಲ್ಲಿ ಬರಬೇಕು, ಬಂದದ್ದನ್ನು ಬಟ್ಟೆಯಲ್ಲಿ ಸೋಸಬೇಕು. ಗಾಡಿ ಮಾರಬೇಕೆಂದು ಅವನಿಗೆ ಅನಿಸುತ್ತಿರಲಿಲ್ಲ. ಇಟ್ಟುಕೊಳ್ಳಬೇಕೆಂದೂ ಅನಿಸುತ್ತಿರಲಿಲ್ಲ. ಊಟವೂ ಹಾಗೇ, ಮದುವೆಯೂ ಹಾಗೇ ಆಗಿತ್ತು.

ಮನೆಯಲ್ಲಿ ಅವನು ಆಡುವ ನಾಲ್ಕು ಮಾತೂ ಗಾಡಿಯವೇ. ಶಿವಕಾಂತಾ ಅವನ್ನೇ ಹಿಡಿದುಕೊಂಡಳು. ಪ್ಲಗ್ಗು ಹಸಿಯಾದರೆ ರೊಟ್ಟಿ ತೆಗೆದ ಬಿಸಿ ಹಂಚಿನ ಮೇಲೆ ಇಟ್ಟು ಒಣಗಿಸಿಕೊಟ್ಟಳು. "ನಿಮಗ ಎರಡು ರೊಟ್ಟಿ, ಸವತಿಗೆ ಇದು," ಅನ್ನುವಳು. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಹಿಡಿಯುವಳು. "ಇಲ್ಲಿ ಉಸುರು ಬಿಡ್ಲಿಕತ್ತದ ನೋಡ್ರಿ," ಎಂದು ಗುಳ್ಳೆ ತೋರಿಸಿ, ಗುಳ್ಳೆ ಬಿಟ್ಟು ಅವನ ಮುಖ ನೋಡುವಳು. ಹೆಂಡತಿ ಚೆಲುವೆ ಎಂದು ಅವನಿಗೆ ತಿಳಿದಿತ್ತು. ಪಕ್ಕದ ಊರು ಭಾತಂಬ್ರಾ ಯಾವ ದಿಕ್ಕಿಗಿದೆ ಎಂದು ತಿಳಿದಿರುವ ಹಾಗೆ.

ತವರಿಗೆ ಹೋಗುವ ನಾಗರಪಂಚಮಿ ಬಂತು. ಬೀದರಿನ ಮೈಲೂರದಲ್ಲಿ ಅವಳ ಅವ್ವನ ತಂಗಿ ಮಾವಶಿಯ ಮನೆ. ಅಲ್ಲಿತನಕ ಬಿಟ್ಟರೆ ಅವಳ ಅಣ್ಣ ಮಾಣಿಕ ಔರಾದಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಇಬ್ಬರೂ ಬೆಳಿಗ್ಗೆ ಹೊರಟರು. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಕೂತಿತು.

ಮಳೆನೀರು ನಿಂತ ಕುಣಿಯ ಪಕ್ಕ ಟ್ಯೂಬ್ ಬಿಚ್ಚಿಕೊಂಡು ಕೂತಾಗ ಅವಳು ಕೇಳಿದಳು.

"ನಾ ನಿಮಗ ಬ್ಯಾಡಾಗಿದ್ರ ಹೇಳಿಬಿಡ್ರಿ. ಪಂಚಮಿಗೆ ಹೋದಾಕಿ ಅಲ್ಲೇ ಇರ್ತೇನಿ. ಸಿಟ್ಟಿಲ್ಲ."

ಅವನು ತೇಪೆ ಹಚ್ಚುವುದನ್ನು ನಿಲ್ಲಿಸಲಿಲ್ಲ. "ನೀ ಬ್ಯಾಡ ಅಂತಲ್ಲ. ನನಗ ತಿಳಿಯವಲ್ದು."

"ಏನ್ ತಿಳಿಯವಲ್ದು?"

ತೇಪೆ ಒತ್ತಿ ಹಿಡಿದು, ರಸ್ತೆ ನೋಡುತ್ತ ಹೇಳಿದ.

"ಯಾಕೂಬ ಅಂತ ನನ್ನ ದೋಸ್ತ ಇದ್ದ. ಈ ಗಾಡಿ ಹೊಡೀಲಿಕ್ಕಿ ಕಲಿಸಿದಾವ ಅವನೇ. ನಿಜಾಮನ ರಜಾಕಾರರು ನಮ್ಮ ಓಣಿಗೆ ಬೆಂಕಿ ಹಚ್ಚಿದಾಗ ನಮ್ಮವ್ವಗ ತನ್ನ ಮನ್ಯಾಗ ಇಟಗೊಂಡಿದ್ದ. ಆಮ್ಯಾಲ ಇಂಡಿಯಾದ ಫೌಜು ಬಂತು. ಆಗ ಮುಸಲ್ಮಾನರ ಮನಿಗೋಳಿಗೆ ಜನ ನುಗ್ಗಲಿಕತ್ರು. ಬೀದರಕ್ಕ ಮುಟ್ಟಿಸ್ತೇನಿ ಅಂತ ಅವನಿಗಿ ಹಿಂದ ಕೂಡ್ಸಕೊಂಡು ಇದೇ ದಾರಿಲಿ ಹೊಂಟೆ. ಮುಂದ ಕೊಡ್ಲಿ, ಬಡಿಗಿ ಹಿಡಕೊಂಡು ಮಂದಿ ನಿಂತಿದ್ರು. ತಲಿ ಬಗ್ಗಿಸಿ ಜೋರ್ ಹೊಡದೆ. ಹಿಂದ ನೋಡ್ಲಿಲ್ಲ. ಬೀದರದಾಗ ನಿಂತು ಇಳಿ ಅಂದೆ. ಯಾರೂ ಇರ್ಲಿಲ್ಲ."

"ಅವರೇ ಇಳದ್ರೋ, ಯಾರರ ಎಳದ್ರೋ?"

"ಅದೇ ಗೊತ್ತಿಲ್ಲ. ವಾಪಸ್ ಬಂದು ಹುಡುಕ್ದೆ. ಇವತ್ತಿಗೂ ಸುದ್ದಿಲ್ಲ. ಒಂದ್ ಆಳಿನ ಭಾರ ಇಳದದ್ದು ನನಗ ತಿಳೀಲಿಲ್ಲ. ಆವತ್ತಿನಿಂದ ಹಿಂದ ಯಾರು ಕೂತ್ರೂ ತಿಳಿಯಂಗಿಲ್ಲ. ಮುಂದ ನಿಂತ್ರೂ ಅಷ್ಟೇ."

ಶಿವಕಾಂತಾ ಸೆರಗು ಸಿಕ್ಕಿಸಿ ಪಂಪು ತೆಗೆದುಕೊಂಡು ತಾನೇ ಗಾಳಿ ಹಾಕಿದಳು. ಬಳೆಗಳು ಒಂದೇ ಸಮನೆ ಸದ್ದು ಮಾಡಿದವು. ಚಕ್ರ ಗಟ್ಟಿಯಾದ ಮೇಲೆ ಏದುಸಿರಲ್ಲೇ ಹೇಳಿದಳು.

"ದಾರಿತುಂಬ ಮಾತಾಡ್ತೇನಿ. ನೀವು ಉತ್ತರ ಕೊಡಬ್ಯಾಡ್ರಿ. ದನಿ ಕೇಳಸ್ತಂದ್ರ ನಾ ಅದೇನಿ."

ಮಾತಾಡಿದಳು. ತವರಿನ ಎಮ್ಮೆ, ಮಾವಶಿಯ ಜಿಪುಣತನ, ಪಂಚಮಿಯ ಜೋಕಾಲಿ, ಗೋಧಿಹುಗ್ಗಿ. ಇಂಜಿನ್ ಸದ್ದಿನಲ್ಲಿ ಅರ್ಧ ಹಾರಿಹೋಗುತ್ತಿತ್ತು. ಆದರೂ ಬೆನ್ನ ಹಿಂದೆ ಒಂದು ದನಿ ಇತ್ತು. ಬಸವಣ್ಣೆಪ್ಪ ಅದರ ಜೊತೆ ಗಾಡಿ ಹೊಡೆಯುತ್ತಿದ್ದ.

ಒಂದು ಏರು ದಾಟಿದ ಮೇಲೆ ದನಿ ನಿಂತಿತು.

ಸ್ವಲ್ಪ ಕಾದ. ಬರಲಿಲ್ಲ. "ಶಿವಕಾಂತಾ," ಅಂದ. ಮದುವೆಯಾದ ಮೇಲೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಉತ್ತರವಿಲ್ಲ. ಗಾಡಿ ಮತ್ತೆ ಹತ್ತೀತೋ ಇಲ್ಲವೋ ಎಂದು ಯೋಚಿಸಲಿಲ್ಲ. ಬ್ರೇಕ್ ಒತ್ತಿ ಇಂಜಿನ್ ಆರಿಸಿ ಹಿಂದೆ ಕೈ ಚಾಚಿದ. ಅವಳ ಮೊಣಕಾಲು ಸಿಕ್ಕಿತು.

ಅವನ ನಡುಪಟ್ಟಿಯಲ್ಲಿ ಬೆರಳು ಸಿಕ್ಕಿಸಿಕೊಂಡು, ಹಣೆಯನ್ನು ಬೆನ್ನಿಗಿಟ್ಟು ಅವಳು ನಿದ್ದೆ ಹೋಗಿದ್ದಳು. ಹಣೆ ಬೆಚ್ಚಗಿತ್ತು. ಅಂಗಿಯೊಳಗಿಂದ ಆ ಬಿಸಿ ಅವನಿಗೆ ಗೊತ್ತಾಯಿತು. ಭಾರವೂ ಗೊತ್ತಾಯಿತು.

"ಯಾಕ ನಿಂತ್ರಿ?" ಕಣ್ಣು ತೆರೆಯದೆ ಕೇಳಿದಳು.

"ನೀ ಸುಮ್ಮನಾದಿ."

"ಹೋಗಿ ಅಲ್ಲೇ ಇರ್ಲೋ, ಬರ್ಲೋ ಅಂತ ರಾತ್ರೆಲ್ಲ ನಿದ್ದಿ ಬಂದಿಲ್ರಿ."

"ನನಗ ಅಂಜಿಕಿ ಆತು," ಅಂದ. ಅಂದಮೇಲೆ ಆ ಮಾತಿಗೆ ತಾನೇ ಬೆರಗಾದ. "ಭಾಳ ಅಂಜಿಕಿ ಆತು. ಪಂಚಮಿ ಮಾಡಿ ಬಂದುಬಿಡು. ನೀ ಇಲ್ದ ನನಗ ಆಗಂಗಿಲ್ಲ."

ಅವಳು ಮುಖ ಹೊರಳಿಸಿದಳು. ಬೆನ್ನ ಮೇಲೆ ಅವಳ ಕೆನ್ನೆ ನಕ್ಕದ್ದು ಅವನಿಗೆ ತಿಳಿಯಿತು.

"ಬರ್ತೇನಿ. ಈಗ ಇಷ್ಟು ಹಂಗೇ ನಿಂದರ್ರಿ. ನಿದ್ದಿ ಅರ್ಧಾ ಉಳದದ."

ಅವನು ಎರಡೂ ಕಾಲು ನೆಲಕ್ಕೆ ಊರಿ ಗಾಡಿ ಹಿಡಿದು ನಿಂತ. ಹಿಂದಿನಿಂದ ಬಂದ ಎತ್ತಿನ ಬಂಡಿಯವನು ಹಗ್ಗ ಜಗ್ಗಿ ಕೇಳಿದ.

"ಗಾಡಿ ಕೆಟ್ಟದೇನ್ರಿ?"

"ಇಲ್ರಿ," ಬಸವಣ್ಣೆಪ್ಪ ದನಿ ತಗ್ಗಿಸಿ ಹೇಳಿದ. "ನಮ್ಮಾಕಿ ಮಲಗ್ಯಾಳ. ಸಾವಕಾಶ ಹೋಗ್ರಿ."