ಮಾರಾಟದ ಮನೆಯ ತೊಟ್ಟಿಲು

ಗಿಲಕಿ ಇರಲಿಲ್ಲ.

ತೊಟ್ಟಿಲಿನ ನೆತ್ತಿಗೆ ಬೆಳಿಗ್ಗೆ ಕೆಂಪು ದಾರದಲ್ಲಿ ತಾನೇ ಕಟ್ಟಿ ಇಳಿಬಿಟ್ಟಿದ್ದ ಬೆಳ್ಳಿಯ ಗಿಲಕಿ. ಈಗ ದಾರವೂ ಇಲ್ಲ. ದಲ್ಲಾಳಿ ಓಂಕಾರಮೂರ್ತಿ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಕನ್ನಡಕದ ತಪ್ಪೇನೂ ಇರಲಿಲ್ಲ.

ಮನೆ ನೋಡಿ ಹೊರಟವರ ಕಮಾನುಗಾಡಿ ಆಗತಾನೇ ತಿರುವು ದಾಟಿತ್ತು. ಓಂಕಾರಮೂರ್ತಿ ಮಂಡಿಯೂರಿ ತೊಟ್ಟಿಲ ಕೆಳಗೆ ಹುಡುಕಿದ, ಚಾಪೆ ಎತ್ತಿದ, ಪರದೆ ಕೊಡವಿದ. ಆ ಹೊತ್ತಿಗೆ ಅಡಿಗೆಮನೆಯಿಂದ ಜವರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಸ್ವಾಮಿ, ಒರಳಿನ ಗುಂಡುಕಲ್ಲು ಕಾಣ್ತಿಲ್ಲ."

ಬೆಳ್ಳಿ ಕದಿಯುವವರು ಲೋಕದಲ್ಲಿದ್ದಾರೆ, ಸರಿ. ಕಲ್ಲು ಕದಿಯುವವರು? ಎರಡನ್ನೂ ಒಂದೇ ಹೊತ್ತಿನಲ್ಲಿ ಕದಿಯುವವರು? ಓಂಕಾರಮೂರ್ತಿ ಅವಳ ಮುಖವನ್ನೇ ನೋಡುತ್ತ ನಿಂತ.

ಈ ಮನೆಯನ್ನು ಮಾರುವುದು ಅವನ ಪಾಲಿಗೆ ಬಂದು ವರ್ಷಗಳೇ ಆಗಿದ್ದವು. ಚಿಕ್ಕಮಗಳೂರಿನಲ್ಲಿ ಅಂಥ ಗಾಳಿ ಬೆಳಕಿನ ಮನೆ ಇನ್ನೊಂದಿರಲಿಲ್ಲ. ಕಟ್ಟಿಸಿದ ಕಾಫಿ ವ್ಯಾಪಾರಿ ತೀರಿಕೊಂಡಿದ್ದರು. ಅವರ ಹೆಂಡತಿ ಶಿವಗಂಗಮ್ಮನಿಗೆ ಮನೆ ಮಾರಿ ಕಳಸದಲ್ಲಿದ್ದ ತಂಗಿಯ ಬಳಿ ಹೋಗುವ ಆಸೆ. ಆದರೆ ದಂಪತಿಗೆ ಮಕ್ಕಳಿರಲಿಲ್ಲ. ಆ ಒಂದು ಕಾರಣಕ್ಕೆ ಊರು ಅದನ್ನು ಮಕ್ಕಳಾಗದ ಮನೆ ಎಂದು ತೀರ್ಮಾನಿಸಿಬಿಟ್ಟಿತ್ತು. ಕೊಳ್ಳುವವರು ಬರುತ್ತಿದ್ದರು, ಕಂಬಗಳನ್ನು ಹೊಗಳುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು.

ಓಂಕಾರಮೂರ್ತಿ ಯೋಚಿಸಿ ಒಂದು ಸಿದ್ಧಾಂತ ಕಂಡುಕೊಂಡ. ಜನ ಖಾಲಿ ಮನೆ ಕೊಳ್ಳುವುದಿಲ್ಲ, ಯಾರೋ ಸುಖವಾಗಿ ಬಾಳುತ್ತಿರುವ ಮನೆ ಕೊಳ್ಳುತ್ತಾರೆ. ಹಾಗಾಗಿ ವಕೀಲರ ಮನೆಯ ಕುರ್ಚಿಗಳು ಬಂದವು. ಬಟ್ಟೆ ಅಂಗಡಿಯ ಗೋಡೆ ಗಡಿಯಾರ ಬಂತು. ಹಿತ್ತಲಿಗೆ ಒಂದು ಹಸು ಬಂತು. ಗಾಡಿ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಒಲೆಯ ಮೇಲೆ ಕಾಫಿಬೀಜ ಹುರಿಯಬೇಕೆಂದು ಜವರಮ್ಮನಿಗೆ ಅಪ್ಪಣೆಯಾಯಿತು. ಇನ್ನು ಮುಖ್ಯ ಕಾಯಿಲೆಗೆ ಮುಖ್ಯ ಮದ್ದು: ನಡುಮನೆಯಲ್ಲಿ ತನ್ನ ಮನೆಯ ತೊಟ್ಟಿಲು ತೂಗುಹಾಕಿದ. ಒಳಗೆ ಒಂದು ಪುಟ್ಟ ದಿಂಬು, ದಿಂಬಿನ ತಲೆಗೆ ಕುಲಾವಿ, ಕತ್ತಿನವರೆಗೆ ಶಾಲು. ಮೇಲೆ ಹೆಂಡತಿ ಸರೋಜಮ್ಮನ ತವರಿನ ಗಿಲಕಿ. ಹೊಸದಾಗಿ ಬಾಡಿಗೆಗೆ ಬಂದವರ ಕೂಸು, ತಾಯಿ ಸ್ನಾನಕ್ಕೆ ಹೋಗಿದ್ದಾಳೆ ಎಂದು ಎಲ್ಲರಿಗೂ ಹೇಳಿದ. ಗುಟ್ಟು ಗೊತ್ತಿದ್ದವರು ಹೆಚ್ಚಿದಷ್ಟೂ ಬಾಯಿ ಹೆಚ್ಚುತ್ತದೆಂದು ಜವರಮ್ಮನಿಗೂ ಹಾಗೇ ಹೇಳಿದ್ದ. ಶಿವಗಂಗಮ್ಮನನ್ನು ಮಾತ್ರ ವಸ್ತಾರೆಯ ನೆಂಟರ ಮನೆಗೆ ಕಳಿಸಿದ್ದ. ಗಿರಾಕಿಗಳನ್ನು ಕಂಡರೆ ಆಕೆ ನಿಜ ಹೇಳತೊಡಗುತ್ತಿದ್ದರು.

ಜಗಲಿಯ ಮೇಲೆ, ಹಿತ್ತಾಳೆ ಗುಂಡಿಯ ಹಳೇ ಕೋಟು ತೊಟ್ಟು ಪತ್ರಿಕೆ ಓದುತ್ತ, ನಿವೃತ್ತ ಪೊಲೀಸ್ ದಫೇದಾರ ಗುರುವಯ್ಯ. ಬೀದಿ ಮರ್ಯಾದಸ್ಥರದು ಎಂದು ತೋರಿಸಲು. ಕಾಫಿ ಪುಕ್ಕಟೆಯೆಂದು ಅವರು ಒಪ್ಪಿಕೊಂಡಿದ್ದರು.

ಈಗ ಅವರೂ ಒಳಗೆ ಬಂದರು. ಅದೇ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಬಸವರಾಜು ಬಂದ. ತೀರಿಕೊಂಡ ವ್ಯಾಪಾರಿಯ ತಮ್ಮನ ಮಗ, ಪಕ್ಕದ ಮನೆಯವನು. ಈ ಮನೆ ಯಾರಿಗೂ ಮಾರಾಟವಾಗದಿದ್ದರೆ ಕೊನೆಗೆ ತನಗೇ ಅಗ್ಗಕ್ಕೆ ಸಿಗುತ್ತದೆ, ಕಾಫಿ ಮೂಟೆ ಒಟ್ಟಬಹುದು ಎಂಬುದು ಅವನ ಲೆಕ್ಕಾಚಾರ. ಸಂಗತಿ ಕೇಳಿದ್ದೇ ತಡ, ತೀರ್ಪು ಕೊಟ್ಟ.

"ಇದರಲ್ಲಿ ಪತ್ತೆ ಮಾಡೋದೇನು ಬಂತು? ಮನೇಲಿದ್ದವಳು ಇವಳೊಬ್ಬಳು. ಕಲ್ಲು ಕಳೀತು ಅನ್ನೋದು ನಮ್ಮನ್ನ ದಿಕ್ಕು ತಪ್ಪಿಸೋಕೆ. ನಾನು ಪೊಲೀಸರನ್ನ ಕರೀತೀನಿ."

"ಮೆತ್ತಗೆ ಮಾತಾಡಿ" ಎಂದಳು ಜವರಮ್ಮ. "ಮಗು ಏಳುತ್ತೆ."

ಮನೆ ಮಾರಿದರೆ ಹೊಸಬರು ತನ್ನನ್ನು ಇಟ್ಟುಕೊಂಡಾರು ಎಂಬುದೊಂದೇ ಅವಳಿಗಿದ್ದ ಆಸರೆ. ಕಳ್ಳಿ ಎನಿಸಿಕೊಂಡರೆ ಈ ಊರಿನ ಯಾವ ಅಡಿಗೆಮನೆಯೂ ಅವಳನ್ನು ಹೊಸ್ತಿಲು ದಾಟಿಸುವುದಿಲ್ಲ. ಅದು ಓಂಕಾರಮೂರ್ತಿಗೂ ಗೊತ್ತಿತ್ತು. ಆದರೂ ಅವನ ಕಣ್ಣ ಮುಂದೆ ಸರೋಜಮ್ಮ ನಿಂತಿದ್ದಳು. ಬಿದ್ದಿದ್ದು ಸಿಕ್ಕಿತು ಅಂತ ತಂದಿಟ್ಟುಬಿಡು, ನಾನು ಯಾರಿಗೂ ಹೇಳುವುದಿಲ್ಲ ಎಂದು ಜವರಮ್ಮನಿಗೆ ಮೆಲ್ಲಗೆ ಸೂಚಿಸಿದ. ಅವಳು ಅವನನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು. ಅವನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತು ಬೆನ್ನು ಆನಿಸಿಕೊಂಡ.

ಗುರುವಯ್ಯ ಪತ್ರಿಕೆ ಮಡಚಿ ಕಂಕುಳಿಗೆ ಸಿಕ್ಕಿಸಿದರು.

"ಕಲ್ಲನ್ನ ಕಡೇ ಸಲ ಯಾವಾಗ ನೋಡಿದ್ದೆ, ಜವರಮ್ಮ?"

"ಬೆಳಿಗ್ಗೆ ಚಟ್ನಿ ರುಬ್ಬಿ, ತೊಳೆದು, ಒರಳಲ್ಲೇ ಇಟ್ಟಿದ್ದೆ. ಈಗ ಒರಳು ಬಾಯಿ ಬಿಟ್ಕೊಂಡು ಕೂತಿದೆ."

"ನೀನು ಅಡಿಗೆಮನೆ ಬಿಟ್ಟು ಎಲ್ಲಿಗೆ ಹೋಗಿದ್ದೆ?"

ಬಾವಿಗೆ. ಕರೆದವನು ಓಂಕಾರಮೂರ್ತಿಯೇ. ಕೊಳ್ಳಲು ಬಂದ ಮಲ್ಲಂದೂರಿನ ತೋಟದ ಶೇಷಪ್ಪನಿಗೂ ಅವನ ಹೆಂಡತಿ ಪ್ರೇಮಕುಮಾರಿಗೂ ಬಾವಿಯಲ್ಲಿ ನೀರಿದೆಯೆಂದು ಸೇದಿ ತೋರಿಸಬೇಕಾಗಿತ್ತು. ಶೇಷಪ್ಪನ ತಾಯಿ ಭಾಗಮ್ಮ ಮಾತ್ರ ಹಿತ್ತಲಿಗೆ ಬಂದಿರಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಆಕೆ ಅಡಿಗೆಮನೆಗೆ ಬಂದು, ಕಾಲಿಗೆ ಇಂಬಳ ಕಚ್ಚಿ ರಕ್ತ ಹೀರಿದೆ, ಚೂರು ಅರಿಶಿನ ಕೊಡು ಎಂದು ಕೇಳಿದ್ದರಂತೆ. ಪಾಪ ವಯಸ್ಸಾದವರು ಎಂದು ಜವರಮ್ಮ ಬಟ್ಟಲನ್ನೇ ಕೊಟ್ಟು ಬಾವಿಗೆ ಓಡಿದ್ದಳು.

"ಮಲ್ಲಂದೂರು ಕಡೆ ಇಂಬಳ ಬಹಳ" ಎಂದ ಓಂಕಾರಮೂರ್ತಿ. ಗಿರಾಕಿಯನ್ನು ಅನುಮಾನಿಸುವುದು ಅವನ ವೃತ್ತಿಧರ್ಮದಲ್ಲಿ ಇರಲಿಲ್ಲ.

ಗುರುವಯ್ಯ ಕಿಟಕಿಯಿಂದ ಹೊರಗೆ ನೋಡಿದರು. ರಸ್ತೆಯಲ್ಲಿ ಪಾದ ಮುಚ್ಚುವಷ್ಟು ಧೂಳು. ಕಾಫಿ ಹೂವಿಗೆ ಬೇಕಾದ ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ. ತೋಟದವರೆಲ್ಲ ಆಕಾಶ ನೋಡುತ್ತಿದ್ದರು. ಗುರುವಯ್ಯ ಬಸವರಾಜುವಿನ ಕಡೆ ತಿರುಗಿದರು.

"ಅವರು ಬಾವಿ ನೋಡೋ ಹೊತ್ತಲ್ಲಿ ನೀವು ಯಾವ ಕಡೆಯಿಂದ ಬಂದ್ರಿ?"

"ಹಿತ್ತಲಿಂದ. ಒಲೇಲಿ ಬೀಡಿ ಹಚ್ಕೊಂಡು ಬಾವಿ ಹತ್ರ ಹೋದೆ."

"ಅಲ್ಲೇನು ಕೆಲಸ?"

"ನಿಜ ಹೇಳೋದು. ಯುಗಾದಿ ಹೊತ್ತಿಗೆ ಈ ಬಾವಿ ಬತ್ತುತ್ತೆ ಅಂತ ಶೇಷಪ್ಪನವರಿಗೆ ಹೇಳಿದೆ."

"ಬತ್ತುತ್ತಾ?"

"ಬತ್ತಿದ್ರೂ ಬತ್ತಬಹುದು."

ಓಂಕಾರಮೂರ್ತಿಯ ಅನುಮಾನ ಒಮ್ಮೆಲೇ ಜವರಮ್ಮನನ್ನು ಬಿಟ್ಟು ಬಸವರಾಜುವಿನ ಮೇಲೆ ಹಾರಿತು. ಆದರೆ ಬಸವರಾಜು ಗಿಲಕಿಯನ್ನು ಯಾಕೆ ಕದಿಯಬೇಕು? ಮಾರಾಟ ಕೆಡಿಸಲು ಅವನಿಗೆ ನಾಲಿಗೆ ಸಾಕಾಗಿತ್ತು. ಹಾಗಾದರೆ ಕಲ್ಲು? ಕೊನೆಗೆ, ತಾನು ಗಿಲಕಿ ಕಟ್ಟಿದ್ದು ನಿಜವೇ ಎಂಬಲ್ಲಿಗೆ ಅವನ ಯೋಚನೆ ಬಂದು ನಿಂತಿತು.

ಗುರುವಯ್ಯ ತೊಟ್ಟಿಲ ಹತ್ತಿರ ಹೋದರು. ಮುಟ್ಟಲಿಲ್ಲ.

"ಬೆಳಿಗ್ಗೆ ಇದು ತನ್ನಷ್ಟಕ್ಕೆ ತೂಗ್ತಿತ್ತು. ಜಗಲಿಯಿಂದ ನೋಡ್ದೆ."

ಅದು ತನ್ನ ಉಪಾಯವೇ ಎಂದು ಓಂಕಾರಮೂರ್ತಿ ಆ ಸಂಕಟದಲ್ಲೂ ಸ್ವಲ್ಪ ಹಿಗ್ಗಿದ. ಕಿಟಕಿಗೆ ಎದುರಾಗಿ ಕಟ್ಟಿದ್ದರಿಂದ ಗಾಳಿಗೇ ತೂಗುತ್ತದೆ, ಕೂಸು ಆಗತಾನೇ ಮಲಗಿದಂತೆ ಕಾಣುತ್ತದೆ.

"ಈಗ ಯಾಕೆ ತೂಗ್ತಿಲ್ಲ?"

"ಗಾಳಿ ಇಲ್ಲ."

ಅದೇ ಕ್ಷಣದಲ್ಲಿ ಕಿಟಕಿಯ ಪರದೆ ಹಾರಿ ಬಸವರಾಜುವಿನ ಮುಖ ಮುಚ್ಚಿತು. ತೊಟ್ಟಿಲು ಅಲುಗಲಿಲ್ಲ.

"ಆ ದಿಂಬು ಎಲ್ಲಿತ್ತು, ಮಾರಾಯ್ರೆ?"

"ಯಾವ ದಿಂಬು?"

"ನೀವು ಬೆನ್ನಿಗೆ ಕೊಟ್ಕೊಂಡು ಕೂತಿದ್ದೀರಲ್ಲ, ಅದು."

ಓಂಕಾರಮೂರ್ತಿ ಹಿಂದೆ ಕೈ ಹಾಕಿ ಎಳೆದ. ಹೂವಿನ ಗವುಸಿನ ಪುಟ್ಟ ದಿಂಬು. ಬೆಳಿಗ್ಗೆ ಅದರ ತಲೆಗೆ ತಾನೇ ಕುಲಾವಿ ಹಾಕಿದ್ದ. ಅವನು ದಿಂಬನ್ನು ನೋಡಿದ. ತೊಟ್ಟಿಲನ್ನು ನೋಡಿದ. ತೊಟ್ಟಿಲಲ್ಲಿ ಕುಲಾವಿ ಹಾಗೇ ಇತ್ತು, ಶಾಲಿನ ಕೆಳಗಿನ ಉಬ್ಬೂ ಹಾಗೇ ಇತ್ತು. ಗಿಲಕಿ ಹುಡುಕುವಾಗ ತೊಟ್ಟಿಲೊಳಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಒಳಗಿರುವುದು ದಿಂಬೆಂದು ಅವನು, ಕೂಸೆಂದು ಉಳಿದವರು ನಂಬಿದ್ದರು.

"ಹಾಗಾದ್ರೆ ಒಳಗೆ ಮಲಗಿರೋದು ಯಾರು?" ಎಂದ.

"ನಾಮಕರಣದ ದಿನ ಮಗೂಗಿಂತ ಮೊದಲು ತೊಟ್ಟಿಲಲ್ಲಿ ಏನನ್ನ ಮಲಗಿಸ್ತಾರೆ?"

ಓಂಕಾರಮೂರ್ತಿಗೆ ಮಕ್ಕಳಿದ್ದರು. ಆದರೆ ಪ್ರತಿ ನಾಮಕರಣದಲ್ಲೂ ಆ ಹೊತ್ತಿಗೆ ಅವನು ಊಟದ ಏರ್ಪಾಟು ನೋಡುತ್ತಿದ್ದ. ಗಂಡಸರೆಲ್ಲ ಅದನ್ನೇ ನೋಡುತ್ತಿದ್ದರು.

ಜವರಮ್ಮ ನಿಧಾನವಾಗಿ ಹೇಳಿದಳು: "ಗುಂಡುಕಲ್ಲು."

"ಹೂಂ. ಅರಿಶಿನ ಹಚ್ಚಿರ್ತಾರೆ, ನೋಡು."

ಅವಳು ಶಾಲು ಸರಿಸಿದಳು. ಒರಳಿನ ಗುಂಡುಕಲ್ಲು, ಮೈತುಂಬ ಅರಿಶಿನ, ಹಣೆಯಿರಬೇಕಾದಲ್ಲಿ ಕುಂಕುಮ, ತಲೆಗೆ ಕುಲಾವಿ. ಎದೆಯ ಮೇಲೆ, ಶಾಲಿನ ಮಡಿಕೆಯೊಳಗೆ ಜೋಪಾನವಾಗಿ, ಬೆಳ್ಳಿಯ ಗಿಲಕಿ. ದಾರ ಸಮೇತ.

ಬಸವರಾಜು ಕೆಮ್ಮಿದ. ಗುರುವಯ್ಯ ವಕೀಲರ ಕುರ್ಚಿಯಲ್ಲಿ ಕುಳಿತರು.

"ಭಾಗಮ್ಮನವರ ಕೆಲಸ. ನೀವೆಲ್ಲ ಅರಿಶಿನ ಕೊಟ್ಟ ಮಾತು ಕೇಳಿದ್ರಿ, ಇಂಬಳದ ಮಾತು ಯಾರ ಕಿವಿಗೂ ಬೀಳಲಿಲ್ಲ. ಈ ಒಣಗಾಲದಲ್ಲಿ ಇಂಬಳ ಎಲ್ಲಿಂದ ಬರ್ಬೇಕು? ಬಂದ್ರೂ ಮಲ್ಲಂದೂರಿನ ಹೆಂಗಸು ಸುಣ್ಣನೋ ಹೊಗೆಸೊಪ್ಪೋ ಕೇಳ್ತಾರೆ, ಅರಿಶಿನ ಅಲ್ಲ. ಆಯಮ್ಮನಿಗೆ ಅರಿಶಿನ ಬೇಕಿತ್ತು, ಯಾಕೆ ಅಂತ ಹೇಳೋ ಹಾಗಿರಲಿಲ್ಲ."

"ಯಾಕೆ ಹೇಳಬಾರದು?"

"ಅವರ ಗಾಡೀಲಿ ಹುಲ್ಲಿನ ಮೇಲೆ ಹಾಸಿಗೆ, ಹಾಸಿಗೆ ಮೇಲೆ ಇನ್ನೊಂದು ಹಾಸಿಗೆ. ಸೊಸೆ ಇಳಿಯೋವಾಗ ಅತ್ತೆ ಕೈ ಹಿಡ್ಕೊಂಡ್ರು. ಗಾಡಿಯವನಿಗೆ ಗುಂಡಿ ನೋಡ್ಕೊಂಡು ಹೊಡಿ ಅಂದ್ರು. ಇನ್ನೂ ಯಾರಿಗೂ ಹೇಳೋ ತಿಂಗಳು ಬಂದಿಲ್ಲ, ಅಷ್ಟೇ. ಆ ಹುಡುಗಿ ಒಳಗೆ ಬಂದವಳೇ ಏನು ಮಾಡಿದಳು, ನೆನಪಿದೆಯಾ?"

ನೆನಪಿತ್ತು. ಪ್ರೇಮಕುಮಾರಿ ಕೂಸಿನ ಮುಖ ನೋಡಲು ಬಗ್ಗಿದ್ದಳು. ಒಂದು ಕ್ಷಣ ಸುಮ್ಮನಿದ್ದು, ನಕ್ಕು, ತೊಟ್ಟಿಲನ್ನು ಒಮ್ಮೆ ತೂಗಿದ್ದಳು. ಅವಳ ಹಿಂದೆ ನಿಂತಿದ್ದ ಭಾಗಮ್ಮನ ಮುಖ ಬಿಳಿಚಿತ್ತು. ಪ್ರಯಾಣದ ಆಯಾಸಕ್ಕಿರಬೇಕು ಎಂದು ಓಂಕಾರಮೂರ್ತಿ ಅಂದುಕೊಂಡಿದ್ದ.

"ಬರಿದು ತೊಟ್ಟಿಲು ತೂಗೋದು ಅಪಶಕುನ, ಮಾರಾಯ್ರೆ! ಅದನ್ನ ಬಸುರಿ ಕೈಯಲ್ಲಿ ತೂಗಿಸಿದ್ರಿ. ಇಲ್ಲಿ ತಪ್ಪು ಮಾಡಿದೋರು ಯಾರಾದ್ರೂ ಇದ್ರೆ ನೀವೊಬ್ರೇ. ಆಯಮ್ಮ ಏನೂ ಕದೀಲಿಲ್ಲ. ನಿಮ್ಮ ಮಾನಾನೂ ಕಳೀಲಿಲ್ಲ. ಎಲ್ಲರೂ ಬಾವಿ ನೋಡೋ ಹೊತ್ತಿಗೆ, ಸದ್ದಾಗದ ಹಾಗೆ ಗಿಲಕಿ ಬಿಚ್ಚಿ ಒಳಗಿಟ್ಟು, ತೊಟ್ಟಿಲು ತುಂಬಿಸಿ ಹೋದ್ರು."

"ಹಾಗಾದ್ರೆ ಮನೆ ಬೇಡ ಅಂತಾನೇ?"

"ಬೇಡದ ಮನೇಲಿ ಅಷ್ಟು ಭಾರ ಯಾರು ಹೊರ್ತಾರೆ? ಬೇಡ ಅನಿಸಿದ್ರೆ ಸೊಸೆ ಕೈ ಹಿಡಿದು ಆಗಲೇ ಗಾಡಿ ಹತ್ತಿಸ್ತಿದ್ರು. ಆದ್ರೆ ಒಂದು ಮಾತು. ಮುಂದಿನ ಸಲ ಅವರು ಬಂದಾಗ ಶಿವಗಂಗಮ್ಮ ಇಲ್ಲೇ ಇರಲಿ. ಈ ಕುರ್ಚಿ, ಗಡಿಯಾರ ಎಲ್ಲ ಅವರವರ ಮನೆ ಸೇರಲಿ. ದಿಂಬನ್ನ ಕಂಡೂ ಸುಮ್ಮನಿದ್ದವರಿಗೆ ಇನ್ನೇನು ಮುಚ್ಚಿಡ್ತೀರಿ?"

ಓಂಕಾರಮೂರ್ತಿ ಜವರಮ್ಮನ ಕಡೆ ತಿರುಗಿದ. ಗಿಲಕಿಯನ್ನು ತೆಗೆದುಕೊಂಡು, ಉಪಕಾರ ಮಾಡುವವನಂತೆ ಕಲ್ಲಿಗೂ ಕೈ ಹಾಕಿದ. ಅವಳು ಅಡ್ಡ ಬಂದಳು.

"ಅದು ಅಲ್ಲೇ ಇರಲಿ, ಸ್ವಾಮಿ. ಅವರು ಬರೋವರೆಗೂ ತೊಟ್ಟಿಲು ಬರಿದಾಗೋದು ಬೇಡ."

"ಮತ್ತೆ ನೀನು ರುಬ್ಬೋದು ಯಾವುದರಲ್ಲಿ?"

ಜವರಮ್ಮ ಒಳಗೆ ಹೋಗಿ ನೆನೆಸಿದ ಅಕ್ಕಿಯ ಪಾತ್ರೆ ಎತ್ತಿಕೊಂಡು ಬಂದಳು. ಹಿತ್ತಲ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಬಸವರಾಜುವಿನ ಮುಂದೆ ನಿಂತಳು.

"ನಿಮ್ಮ ಮನೆ ಒರಳಲ್ಲಿ ರುಬ್ಕೊಳ್ತೀನಿ, ಬಸವರಾಜಪ್ಪೋರೆ. ನೀವು ಮುಂದೆ ಹೋಗಿ ಬೆಳ್ಳಿ ಸಾಮಾನೆಲ್ಲ ಒಳಗಿಟ್ಟು ಬೀಗ ಹಾಕ್ಕೊಳ್ಳಿ. ನಾನು ಆಮೇಲೆ ಬರ್ತೀನಿ."

ಬಸವರಾಜು ಗುರುವಯ್ಯನವರನ್ನು ನೋಡಿದ. ಅವರು ಪತ್ರಿಕೆ ಬಿಚ್ಚಿ ಓದತೊಡಗಿದ್ದರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಜವರಮ್ಮ ಪಾತ್ರೆಯನ್ನು ಸೊಂಟಕ್ಕೇರಿಸಿಕೊಂಡು ಅವನಿಗಿಂತ ಮುಂದಾಗಿಯೇ ನಡೆದಳು.